ಪಂಪ್‌ಹೌಸ್ ಡಬ್ಬಿ ರಿಪೇರಿ: ಪೈ ಜೀರೊ ಮೇಲೆ ಸೆಕೆಂಡಿಗೆ 9000 ಸಿಸ್ಟಂ ಕಾಲ್

ಕೊಡಗಿನ ಸಿದ್ದಾಪುರದಿಂದ ಪಾಲಿಬೆಟ್ಟದ ಕಡೆ ಹೋಗುವ ದಾರಿಯಲ್ಲಿ ನನ್ನ ಮಾವನ ರೋಬಸ್ಟಾ ಕಾಫಿ ತೋಟ ಇದೆ. ಕೆರೆ ಪಕ್ಕ ಪಂಪ್‌ಹೌಸ್. ಒಳಗೆ 10 ಎಚ್‌ಪಿ ತ್ರೀ ಫೇಸ್ ಮೋಟಾರ್, ಗೋಡೆಗೆ ಸ್ಟಾರ್ಟರ್, ಸ್ಟಾರ್ಟರ್ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ. ಈ ಬರಹ ಆ ಡಬ್ಬಿಯನ್ನು ಸರಿ ಮಾಡಿದ್ದರ ಬಗ್ಗೆ. ಪೈ ಜೀರೊ ಅನ್ನುವುದು ಅದರೊಳಗಿನ ಚಿಕ್ಕ ಲಿನಕ್ಸ್ ಕಂಪ್ಯೂಟರ್. ಸಿಸ್ಟಂ ಕಾಲ್ ಅಂದರೆ ಪ್ರೋಗ್ರಾಂ ಒಂದು ಕೆಲಸ ಮಾಡಿಕೊಡು ಎಂದು ಕರ್ನಲನ್ನು, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳನ್ನು, ಕೇಳುವ ಕರೆ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಸರಿಯಾದ ಹೊತ್ತಿಗೆ ಬರದಿದ್ದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು. ಮೊದಲು ಹೂವಿಗೆ ಒಂದು ಸುತ್ತು, ಕೆಲವು ವಾರ ಬಿಟ್ಟು ಬ್ಯಾಕಿಂಗ್‌ಗೆ, ಅಂದರೆ ಕಟ್ಟಿದ ಕಾಯಿ ನಿಲ್ಲಲು, ಇನ್ನೊಂದು ಸುತ್ತು. ಆ ಸಮಯದಲ್ಲಿ ಮೋಟಾರ್ ಸುಟ್ಟರೆ ರಿವೈಂಡಿಂಗ್ ಖರ್ಚಿಗಿಂತ ಆ ವರ್ಷದ ಫಸಲಿನ ಚಿಂತೆಯೇ ದೊಡ್ಡದು. ಮೋಟಾರ್ ಸುಡಲು ಮುಖ್ಯ ಕಾರಣ ಎಲ್ಲರಿಗೂ ಗೊತ್ತು, ಓಡುತ್ತಿರುವಾಗ ಒಂದು ಫೇಸ್ ಹೋಗುವುದು. ಉಳಿದ ಎರಡು ಫೇಸ್‌ಗಳಲ್ಲಿ ಕರೆಂಟ್ ಸುಮಾರು 1.73 ಪಟ್ಟು ಆಗುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ, ಆಮೇಲೆ ವಾಸನೆ ಬರುತ್ತದೆ. ಸ್ಟಾರ್ಟರ್ ಒಳಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದೆ, ಅದು ಟ್ರಿಪ್ ಮಾಡುತ್ತದೆ. ಡಬ್ಬಿ ಇರುವುದು ಮೋಟಾರ್ ನಿಂತ ಸುದ್ದಿಯನ್ನು ರೈಟ್ರ, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರ, ಫೋನಿಗೆ ಮೆಸೇಜ್ ಮಾಡಲು, ಮತ್ತು ಮೂರೂ ಫೇಸ್‌ಗಳ ಕರೆಂಟ್ ದಾಖಲೆ ಇಡಲು.

ಡಬ್ಬಿ ಒಳಗೆ ಇರುವುದು ಇಷ್ಟು. ಒಂದು ರಾಸ್ಪ್‌ಬೆರಿ ಪೈ ಜೀರೊ ಡಬ್ಲ್ಯೂ, ಅಂದರೆ ಬಿಸಿಎಂ2835 ಚಿಪ್, ಎಆರ್‌ಎಂ1176 ಪ್ರೊಸೆಸರ್, ಒಂದೇ ಕೋರ್, 1 ಗಿಗಾಹರ್ಟ್ಸ್, 512 ಎಂಬಿ ರ್‍ಯಾಮ್. ಮೂರು ಎಸ್‌ಸಿಟಿ-013-030 ಕ್ಲ್ಯಾಂಪ್ ಸಿಟಿಗಳು (ತಂತಿಯ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್), ಇವು 30 ಆಂಪಿಯರ್‌ಗೆ 1 ವೋಲ್ಟ್ ಕೊಡುತ್ತವೆ. ಎಂಸಿಪಿ3008 ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಮಾಡುವ ಚಿಪ್), 10 ಬಿಟ್, 8 ಚಾನೆಲ್, ಎಸ್‌ಪಿಐ ಎಂಬ ತಂತಿ ಸಂಪರ್ಕದ ಮೂಲಕ. ಸಿಗ್ನಲನ್ನು 1.65 ವೋಲ್ಟ್‌ಗೆ ಎತ್ತಿ ಹಿಡಿಯಲು ರೆಸಿಸ್ಟರ್ ಜೋಡಿ. ಜೊತೆಗೆ ಒಂದು ಜಿಎಸ್‌ಎಂ ಮಾಡ್ಯೂಲ್. ಸಾಫ್ಟ್‌ವೇರ್ ಪೂರ್ತಿ ಪೈಥಾನ್. ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಮಾಡಿದ್ದು. ವೈರಿಂಗ್ ಮಾತ್ರ ಬಹಳ ಚೆನ್ನಾಗಿ ಮಾಡಿದ್ದಾನೆ, ಅದನ್ನು ಹೇಳಲೇಬೇಕು.

ದೂರು ಏನಂದರೆ, ರಾತ್ರಿ ಮೋಟಾರ್ ಚೆನ್ನಾಗಿ ಓಡುತ್ತಿರುವಾಗಲೇ "ಆರ್ ಫೇಸ್ ಇಲ್ಲ" ಎಂದು ಮೆಸೇಜ್ ಬರುತ್ತಿತ್ತು. ರೈಟ್ರು ಟಾರ್ಚ್ ಹಿಡಿದು ಕೆರೆ ತನಕ ಹೋಗಿ ನೋಡಿದರೆ ಮೂರೂ ಫೇಸ್ ಇದ್ದಾವೆ, ಜೆಟ್‌ಗಳು ತಿರುಗುತ್ತಾ ಇದ್ದಾವೆ. ನಮ್ಮ ಕಡೆ ರಾತ್ರಿ ತೋಟದೊಳಗೆ ಸುಮ್ನೆ ಓಡಾಡುವ ಹಾಗಿಲ್ಲ, ಆನೆ ಎಲ್ಲಿ ನಿಂತಿರುತ್ತದೋ ಗೊತ್ತಾಗುವುದಿಲ್ಲ. ರೈಟ್ರು ನೇರವಾಗಿ ಹೇಳಿದರು, "ಅಣ್ಣ, ಒಂದೋ ಇದನ್ನು ಸರಿ ಮಾಡಿ, ಇಲ್ಲ ಕಿತ್ತು ಹಾಕಿ. ಇನ್ನು ಮೆಸೇಜ್ ಬಂದ್ರೆ ನಾನು ಹೋಗಲ್ಲ."

ಸರಿ, ಡಬ್ಬಿ ಬಿಚ್ಚಿದೆ.

ಮೊದಲು ಹಾರ್ಡ್‌ವೇರ್. ಸಿಟಿ ಕ್ಲ್ಯಾಂಪ್‌ಗಳ ಬಾಯಿ ಸರಿಯಾಗಿ ಮುಚ್ಚಿದೆಯಾ, ಆ 1.65ರ ಬಯಾಸ್ ವೋಲ್ಟೇಜ್ ಸರಿ ಇದೆಯಾ, ಎಡಿಸಿಯ ಗ್ರೌಂಡ್ ಗಟ್ಟಿ ಇದೆಯಾ ಎಂದು ಮಲ್ಟಿಮೀಟರ್‌ನಲ್ಲಿ ನೋಡಿದೆ. ಎಲ್ಲಾ ಸರಿ. ಕ್ಲ್ಯಾಂಪ್ ಮೀಟರ್ ಹಾಕಿದಾಗ ಮೂರೂ ಫೇಸ್ ಹತ್ತಿರ ಹತ್ತಿರ ಸಮ ತೋರಿಸಿತು. ಹಾಗಾದರೆ ತಪ್ಪು ಓದುವ ಕಡೆ ಇದೆ.

ಎಸ್‌ಎಸ್‌ಎಚ್‌ನಲ್ಲಿ (ನೆಟ್‌ವರ್ಕ್ ಮೂಲಕ) ಒಳಗೆ ಹೋಗಿ ಟಾಪ್ ಎಂಬ ಕಮಾಂಡ್ ಹಾಕಿದರೆ ಐಡಲ್, ಅಂದರೆ ಸಿಪಿಯು ಬಿಡುವು, ಬಹುತೇಕ ಸೊನ್ನೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಯೂಸರ್ (ಪ್ರೋಗ್ರಾಂನ ಸ್ವಂತ ಕೆಲಸ), ಉಳಿದದ್ದು ಸಿಸ್ಟಂ (ಕರ್ನಲ್‌ನ ಕೆಲಸ). ವಿಎಂಸ್ಟ್ಯಾಟ್ ಕಮಾಂಡ್‌ನಲ್ಲಿ ಕಾಂಟೆಕ್ಸ್ಟ್ ಸ್ವಿಚ್ (ಸಿಪಿಯು ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವುದು) ಕಾಲಂ ಸೆಕೆಂಡಿಗೆ ಹಲವು ಸಾವಿರ. ಒಂದು ಮೋಟಾರಿನ ಕರೆಂಟ್ ನೋಡುವುದಕ್ಕೆ ಇಷ್ಟೊಂದು ಯಾಕೆ ಬೇಕು?

ಕೋಡ್ ಓದಿದಾಗ ಗೊತ್ತಾಯಿತು. ಎರಡು ಪ್ರೋಗ್ರಾಂ. ಒಂದು ಓದುವುದು, ಇನ್ನೊಂದು ಲೆಕ್ಕ ಮಾಡಿ ಮೆಸೇಜ್ ಕಳಿಸುವುದು, ಮಧ್ಯೆ ಪೈಪ್, ಅಂದರೆ ಒಂದು ಬರೆದದ್ದನ್ನು ಇನ್ನೊಂದಕ್ಕೆ ದಾಟಿಸುವ ಲಿನಕ್ಸ್ ವ್ಯವಸ್ಥೆ. ಓದುವ ಪ್ರೋಗ್ರಾಂ ಪ್ರತಿ ಮಿಲಿಸೆಕೆಂಡಿಗೆ ಮೂರು ಚಾನೆಲ್ ಓದಬೇಕು ಎಂದು ಬರೆದಿದೆ. ಪ್ರತಿ ಚಾನೆಲ್‌ಗೂ ಒಂದು ಎಸ್‌ಪಿಐ ಐಆಕ್ಟಲ್ (ಸಾಧನಕ್ಕೆ ಕೆಲಸ ಹೇಳುವ ಸಿಸ್ಟಂ ಕಾಲ್), ಒಂದು ಸಮಯ ಕೇಳುವ ಕರೆ. ಮೂರು ಚಾನೆಲ್ ಮುಗಿದ ಮೇಲೆ ಒಂದು ಸಾಲು ಪೈಪಿಗೆ, ತಕ್ಷಣ ಫ್ಲಶ್ (ಕೂಡಿಡದೆ ಕಳಿಸಿಬಿಡುವುದು), ಆಮೇಲೆ ಒಂದು ಸ್ಲೀಪ್. ಆ ಕಡೆ ಇನ್ನೊಂದು ಪ್ರೋಗ್ರಾಂ ಒಂದೊಂದೇ ಸಾಲು ಓದುತ್ತದೆ. ಲೆಕ್ಕ ಹಾಕಿ: 3000 ಐಆಕ್ಟಲ್, 3000 ಸಮಯ, 1000 ರೈಟ್, 1000 ರೀಡ್, 1000 ಸ್ಲೀಪ್. ಸೆಕೆಂಡಿಗೆ 9000 ಸಿಸ್ಟಂ ಕಾಲ್. ಅಷ್ಟು ಮಾಡಲು ಆಗದೆ ಪಾಪದ ಪೈ ಸೆಕೆಂಡಿಗೆ 700 ಸಾಲಿನ ಆಸುಪಾಸಿನಲ್ಲೇ ಏದುಸಿರು ಬಿಡುತ್ತಿತ್ತು.

ಸುಳ್ಳು ಅಲಾರಂ ಎಲ್ಲಿಂದ ಬರುತ್ತಿತ್ತು ಅನ್ನುವುದೂ ಇಲ್ಲೇ ಸಿಕ್ಕಿತು. ಲೆಕ್ಕದ ಪ್ರೋಗ್ರಾಂ ಸಮಯ ನೋಡಿ 100 ಮಿಲಿಸೆಕೆಂಡಿನ ತುಂಡು ಮಾಡಿ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಒಂದು ಬಗೆಯ ಸರಾಸರಿ) ತೆಗೆಯುತ್ತದೆ. ಎಸ್‌ಡಿ ಕಾರ್ಡಿಗೆ ಏನಾದರೂ ಬರೆಯುವ ಕೆಲಸ ಅಥವಾ ಮೋಡೆಮ್ ಕೆಲಸ ಮಧ್ಯೆ ಬಂದರೆ, ಕೋರ್ ಒಂದೇ ಅಲ್ವಾ, ಓದುವುದು ನಿಲ್ಲುತ್ತದೆ. ಆ ತುಂಡಿನಲ್ಲಿ ನೂರು ಸ್ಯಾಂಪಲ್ ಇರಬೇಕಾದ ಕಡೆ ನಾಲ್ಕೈದು ಮಾತ್ರ ಸಿಗುತ್ತವೆ. ಆ ನಾಲ್ಕೈದೂ ಒಂದು ಫೇಸ್‌ನ ಅಲೆ ಸೊನ್ನೆ ದಾಟುವ ಜಾಗದಲ್ಲೇ ಬಿದ್ದರೆ ಆ ಫೇಸ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಮೆಸೇಜ್ ಹೋಗುತ್ತದೆ. ರೈಟ್ರು ಏಳುತ್ತಾರೆ.

ಇಲ್ಲಿ ಸುಲಭದ ತೀರ್ಪು "ಸಿಸ್ಟಂ ಕಾಲ್ ಜಾಸ್ತಿ, ಅದಕ್ಕೇ ನಿಧಾನ" ಅನ್ನುವುದು. ತುಂಬಾ ಜನ ಹೀಗೇ ಹೇಳುತ್ತಾರೆ. ಅಳೆಯದೆ ನಂಬುವುದು ಬೇಡ ಎಂದು ಅಳೆಯಲು ಕೂತೆ.

32 ಬಿಟ್ ಎಆರ್‌ಎಂನಲ್ಲಿ ಸಿಸ್ಟಂ ಕಾಲ್ ನಡೆಯುವುದು ಹೀಗೆ. ಕರೆಯ ನಂಬರನ್ನು ಆರ್7 ರಿಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಚಿಕ್ಕ ಜಾಗ) ಹಾಕಬೇಕು, ಉದಾಹರಣೆಗೆ ರೀಡ್ ಅಂದರೆ 3, ರೈಟ್ ಅಂದರೆ 4. ಕೊಡಬೇಕಾದ ಮಾಹಿತಿ ಆರ್0 ಇಂದ ಶುರು. ಆಮೇಲೆ ಎಸ್‌ವಿಸಿ ಅನ್ನುವ ಒಂದು ಇನ್‌ಸ್ಟ್ರಕ್ಷನ್. ಪ್ರೊಸೆಸರ್ ಕರ್ನಲ್ ಓಡುವ ಸೂಪರ್‌ವೈಸರ್ ಮೋಡ್‌ಗೆ ಜಿಗಿಯುತ್ತದೆ, ಕರ್ನಲ್ ರಿಜಿಸ್ಟರ್‌ಗಳನ್ನು ತನ್ನ ಸ್ಟ್ಯಾಕ್‌ನಲ್ಲಿ ಉಳಿಸಿಕೊಳ್ಳುತ್ತದೆ, ಟೇಬಲ್ ನೋಡಿ ಕೆಲಸ ಮಾಡುತ್ತದೆ, ಉತ್ತರವನ್ನು ಆರ್0ಗೆ ಹಾಕಿ ವಾಪಸ್ ಕಳಿಸುತ್ತದೆ. ಹೋಗುವ ಮುಂಚೆ ಬೇರೆ ಯಾರಿಗಾದರೂ ಸಿಪಿಯು ಕೊಡಬೇಕಾ, ಸಿಗ್ನಲ್ ಏನಾದರೂ ಬಾಕಿ ಇದೆಯಾ ಎಂದು ಒಂದು ಸಲ ನೋಡುತ್ತದೆ. ಇಷ್ಟೇ. ಚಿಕ್ಕ ಪ್ರೊಸೆಸರ್‌ಗೆ ಇದರಲ್ಲಿ ಇನ್ನೊಂದು ಪೆಟ್ಟು ಕ್ಯಾಶ್‌ನದ್ದು, ಅಂದರೆ ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿಯದ್ದು. ಈ ಚಿಪ್‌ನಲ್ಲಿ ಮೊದಲ ಹಂತದ ಕ್ಯಾಶ್ ಕೋಡಿಗೆ 16 ಕೆಬಿ, ಡೇಟಾಕ್ಕೆ 16 ಕೆಬಿ. ಕರ್ನಲ್ ಒಳಗೆ ಒಂದು ಸುತ್ತು ಹೋಗಿ ಬಂದರೆ ನಮ್ಮ ಪ್ರೋಗ್ರಾಂನ ಸಾಮಾನು ಅರ್ಧ ಹೊರಗೆ ಬಿದ್ದಿರುತ್ತದೆ. ಇನ್ನೂ ಹಳೆಯ ಎಆರ್‌ಎಂ926 ಬೋರ್ಡ್‌ಗಳಲ್ಲಿ ಕಥೆ ಇನ್ನೂ ಕಷ್ಟ. ಅದರ ಕ್ಯಾಶ್ ವರ್ಚುವಲ್ ವಿಳಾಸದ (ಪ್ರತಿ ಪ್ರೋಗ್ರಾಂಗೂ ಬೇರೆಯಾದ ವಿಳಾಸ) ಮೇಲೆ ನಿಂತಿದೆ, ಹಾಗಾಗಿ ಒಂದು ಪ್ರೋಸೆಸ್‌ನಿಂದ (ಓಡುತ್ತಿರುವ ಪ್ರೋಗ್ರಾಂ) ಇನ್ನೊಂದಕ್ಕೆ ಬದಲಾಯಿಸುವಾಗ ಕ್ಯಾಶನ್ನೇ ಖಾಲಿ ಮಾಡಬೇಕಾಗುತ್ತದೆ.

ಅಳೆಯಲು ಎಲ್ಲರ ಬಳಿಯೂ ಇರುವ ಉಪಾಯ ಡಿಡಿ ಎಂಬ ನಕಲು ಮಾಡುವ ಕಮಾಂಡ್. ಡೆವ್ ಜೀರೊದಿಂದ (ಬರೀ ಸೊನ್ನೆ ಕೊಡುವ ಫೈಲ್) ಡೆವ್ ನಲ್‌ಗೆ (ಬಂದದ್ದನ್ನು ಎಸೆಯುವ ಫೈಲ್) ಬ್ಲಾಕ್ ಸೈಜ್ 1 ಇಟ್ಟು ಹತ್ತು ಲಕ್ಷ ಬೈಟ್ ಕಳಿಸಿ. ಪ್ರತಿ ಬೈಟಿಗೆ ಒಂದು ರೀಡ್, ಒಂದು ರೈಟ್, ಅಂದರೆ ಇಪ್ಪತ್ತು ಲಕ್ಷ ಸಿಸ್ಟಂ ಕಾಲ್, ಬೇರೆ ಕೆಲಸ ಬಹಳ ಕಡಿಮೆ. ಆಮೇಲೆ ಅಷ್ಟೇ ಬೈಟನ್ನು ಬ್ಲಾಕ್ ಸೈಜ್ 4096 ಇಟ್ಟು ಕಳಿಸಿ. ಎರಡನೆಯದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಮೊದಲನೆಯದಕ್ಕೆ ಕಾಯಬೇಕು. ಇನ್ನೂ ಸರಿಯಾಗಿ ಬೇಕು ಎಂದು ಸಿ ಭಾಷೆಯಲ್ಲಿ ಒಂದು ಚಿಕ್ಕ ಲೂಪ್ ಬರೆದೆ, ಬರೀ ಗೆಟ್‌ಪಿಡ್ (ಪ್ರೋಗ್ರಾಂ ತನ್ನ ಗುರುತಿನ ನಂಬರ್, ಪಿಡ್, ಕೇಳುವ ಸಿಸ್ಟಂ ಕಾಲ್) ಕರೆಯುವುದು. ಹಳೆಯ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಇದ್ದವರು ಇದನ್ನು ನೇರ ಸಿಸ್ಟಂ ಕಾಲ್ ಆಗಿಯೇ ಕರೆಯಿರಿ. 2017ರ 2.25 ಆವೃತ್ತಿಗೆ ಮುಂಚೆ ಅದು ಪಿಡ್ ನಂಬರನ್ನು ತಾನೇ ನೆನಪಿಟ್ಟುಕೊಂಡು ಕರ್ನಲ್‌ಗೆ ಹೋಗದೆಯೇ ಉತ್ತರ ಕೊಡುತ್ತಿತ್ತು.

ಬಂದ ಉತ್ತರ ಒಂದು ಕರೆಗೆ ಒಂದು ಮೈಕ್ರೋಸೆಕೆಂಡಿನ ಆಸುಪಾಸು.

ಈಗ ಗುಣಿಸಿ. 9000 ಕರೆ, ಒಂದಕ್ಕೆ 1 ಮೈಕ್ರೋಸೆಕೆಂಡ್, ಒಟ್ಟು 9 ಮಿಲಿಸೆಕೆಂಡ್. ಸೆಕೆಂಡಿನಲ್ಲಿ ಶೇಕಡ ಒಂದೂ ಇಲ್ಲ! ಸಿಪಿಯು ಪೂರ್ತಿ ತುಂಬಿರುವಾಗ, ಬರೀ ಕರ್ನಲ್ ಬಾಗಿಲು ದಾಟುವ ಖರ್ಚು ಶೇ 1ರ ಒಳಗೆ. ಹಾಗಾದರೆ ಉಳಿದ 99 ಎಲ್ಲಿ ಹೋಯಿತು?

ಸಿಸ್ಟಂ ಕಾಲ್‌ಗಳನ್ನು ಪಟ್ಟಿ ಮಾಡುವ ಎಸ್‌ಟ್ರೇಸ್ ಹಾಕಿ ಎಣಿಕೆ ತೆಗೆದೆ. ಇಲ್ಲಿ ಒಂದು ಎಚ್ಚರಿಕೆ: ಎಸ್‌ಟ್ರೇಸ್ ಪ್ರತಿ ಕರೆಯನ್ನೂ ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಒಂದು ಸಲ ನಿಲ್ಲಿಸುತ್ತದೆ. ಒಂದು ಕೋರಿನ ಬೋರ್ಡ್‌ನಲ್ಲಿ ಇದರಿಂದ ಪ್ರೋಗ್ರಾಂ ಆಮೆಯಾಗುತ್ತದೆ. ಎಷ್ಟು ಕರೆ ಅನ್ನುವುದಕ್ಕೆ ಅದನ್ನು ನಂಬಿ, ಎಷ್ಟು ಹೊತ್ತು ಅನ್ನುವುದಕ್ಕೆ ನಂಬಬೇಡಿ. ಹೊತ್ತು ನೋಡಲು ಪರ್ಫ್ ಎಂಬ ಇನ್ನೊಂದು ಕಮಾಂಡ್ ಬಳಸಿದೆ.

ಎಣಿಕೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಸಮಯ ಕೇಳುವ ಕ್ಲಾಕ್ ಗೆಟ್‌ಟೈಮ್, ಸಾವಿರಗಟ್ಟಲೆ. ಇದೇ ಪ್ರೋಗ್ರಾಂನ ಸಮಯದ ಭಾಗವನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಎಸ್‌ಟ್ರೇಸ್‌ನಲ್ಲಿ ಆ ಹೆಸರೇ ಇಲ್ಲ. ಕಾರಣ ವಿಡಿಎಸ್‌ಒ. ಕರ್ನಲ್ ತನ್ನ ಚಿಕ್ಕದೊಂದು ಕೋಡನ್ನು ಪ್ರತಿ ಪ್ರೋಸೆಸ್‌ನ ಮೆಮೊರಿಯಲ್ಲೂ ಇಟ್ಟಿರುತ್ತದೆ, ಸಮಯ ಕೇಳಿದರೆ ಅಲ್ಲೇ ಉತ್ತರ ಸಿಗುತ್ತದೆ, ಕರ್ನಲ್ ಒಳಗೆ ಹೋಗುವುದೇ ಇಲ್ಲ. 32 ಬಿಟ್ ಎಆರ್‌ಎಂಗೂ ಇದು 2015ರಲ್ಲಿ ಲಿನಕ್ಸ್ 4.1ರಿಂದ ಬಂದಿದೆ. ಆದರೆ ಅದಕ್ಕೆ ಯೂಸರ್ ಮೋಡ್‌ನಿಂದಲೇ ಓದಬಹುದಾದ ಜೆನೆರಿಕ್ ಟೈಮರ್ ಬೇಕು. ಕಾರ್ಟೆಕ್ಸ್-ಎ7, ಎ15ರಂಥವುಗಳಲ್ಲಿ ಇದೆ, ನಮ್ಮ ಎಆರ್‌ಎಂ1176ರಲ್ಲಿ ಇಲ್ಲ. ಇಲ್ಲಿ ಇರುವುದು ಬಿಸಿಎಂ2835ರ 1 ಮೆಗಾಹರ್ಟ್ಸ್ ಸಿಸ್ಟಂ ಟೈಮರ್, ಅದನ್ನು ಕರ್ನಲ್ ಮಾತ್ರ ಓದುತ್ತದೆ. ಹಾಗಾಗಿ ಪೈ ಜೀರೊದಲ್ಲಿ ಟೈಮ್ ಕೇಳುವ ಪ್ರತಿ ಸಲವೂ ನಿಜವಾದ ಸಿಸ್ಟಂ ಕಾಲ್. ಲ್ಯಾಪ್‌ಟಾಪ್‌ನಲ್ಲಿ ಬರೆದು ಪರೀಕ್ಷಿಸಿ "ಟೈಮ್ ಕೇಳೋದು ಪುಕ್ಕಟೆ" ಅಂದುಕೊಂಡವರಿಗೆ ಇದು ಕಾಣುವುದೇ ಇಲ್ಲ. ತಿರುಗಾ ಇನ್ನೊಂದು ವಿಷಯದಲ್ಲಿ ಈ ಹಳೆಯ ಚಿಪ್ಪೇ ಗೆದ್ದಿದೆ. ಜನವರಿ 2018ರಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ಭದ್ರತಾ ದೋಷ ಹೊರಬಂದ ಮೇಲೆ ಎಷ್ಟೋ ಇಂಟೆಲ್ ಯಂತ್ರಗಳಲ್ಲಿ ಪ್ರತಿ ಸಿಸ್ಟಂ ಕಾಲ್‌ಗೂ ಪೇಜ್ ಟೇಬಲ್ (ಮೆಮೊರಿ ವಿಳಾಸಗಳ ನಕ್ಷೆ) ಬದಲಾಯಿಸುವ ಹೊರೆ ಬಿತ್ತು. ಎಆರ್‌ಎಂ1176ಗೆ ಆ ಸಮಸ್ಯೆಯೇ ಇಲ್ಲ, ಆ ಹೊರೆಯೂ ಇಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ, ಮೂರು ಸಾವಿರ ಸಮಯದ ಕರೆ ಸೇರಿ ಕೆಲವೇ ಮಿಲಿಸೆಕೆಂಡ್. ಕುತೂಹಲಕ್ಕೆ ಒಳ್ಳೆಯ ವಿಷಯ, ಆದರೆ ಕಳ್ಳ ಇವನಲ್ಲ.

ಕಳ್ಳ ಸಿಕ್ಕಿದ್ದು ಐಆಕ್ಟಲ್‌ನಲ್ಲಿ. ಎಂಸಿಪಿ3008ರ ಒಂದು ಓದಿಗೆ 3 ಬೈಟ್, 24 ಬಿಟ್. 1 ಮೆಗಾಹರ್ಟ್ಸ್‌ನಲ್ಲಿ ತಂತಿ ಮೇಲೆ 24 ಮೈಕ್ರೋಸೆಕೆಂಡ್. ಆದರೆ ಪೈಥಾನ್‌ನಿಂದ ಒಂದು ಓದು ಮುಗಿಯಲು ನೂರಕ್ಕೂ ಜಾಸ್ತಿ ಮೈಕ್ರೋಸೆಕೆಂಡ್ ಬೇಕಾಗುತ್ತಿತ್ತು. ಬಾಗಿಲು ದಾಟಲು 1, ತಂತಿಗೆ 24, ಉಳಿದದ್ದೆಲ್ಲ ಬಾಗಿಲ ಆ ಕಡೆ ಈ ಕಡೆಯ ಕೆಲಸ. ಆ ಕಡೆ ಅಂದರೆ, ಎಸ್‌ಪಿಐಡೆವ್ (ಕರ್ನಲ್‌ನಲ್ಲಿ ನಮ್ಮ ಎಸ್‌ಪಿಐ ಕೋರಿಕೆ ತೆಗೆದುಕೊಳ್ಳುವ ಭಾಗ) ನಮ್ಮ ಪಟ್ಟಿಯನ್ನು ಕರ್ನಲ್‌ಗೆ ನಕಲು ಮಾಡಬೇಕು, ಅದಕ್ಕೆ ಮೆಮೊರಿ ಪಡೆಯಬೇಕು, ಬೀಗ ಹಾಕಬೇಕು, ಎಸ್‌ಪಿಐ ಕಂಟ್ರೋಲರ್ ಸಿದ್ಧ ಮಾಡಬೇಕು, ಚಿಪ್ ಸೆಲೆಕ್ಟ್ ("ಈಗ ನಿನ್ನ ಸರದಿ" ಎಂದು ಎಡಿಸಿಗೆ ಹೇಳುವ ತಂತಿ) ಕೆಳಗೆ ತರಬೇಕು, ಕಳಿಸಬೇಕು, ಇಂಟರಪ್ಟ್‌ಗೆ (ಕೆಲಸ ಮುಗಿಯಿತು ಎಂಬ ಹಾರ್ಡ್‌ವೇರ್ ಸೂಚನೆ) ಕಾಯುತ್ತಾ ನಿದ್ದೆ ಹೋಗಬೇಕು, ಎದ್ದು ಉತ್ತರ ನಕಲು ಮಾಡಿ ವಾಪಸ್ ಕೊಡಬೇಕು. ಈ ಕಡೆ ಪೈಥಾನ್ ಮೂರು ಬೈಟಿಗಾಗಿ ಒಂದು ಲಿಸ್ಟ್ ಕಟ್ಟಿ, ಒಂದು ಲಿಸ್ಟ್ ಬಿಚ್ಚಿ, ಹಳೆಯದನ್ನು ಎಸೆಯಬೇಕು. ಒಂದು ಕಾಫಿ ಹಣ್ಣು ಕಿತ್ತು, ಅದೊಂದನ್ನೇ ಕಣದ ತನಕ ತೆಗೆದುಕೊಂಡು ಹೋಗಿ, ತೂಕ ಹಾಕಿಸಿ, ಪುಸ್ತಕದಲ್ಲಿ ಬರೆಸಿ, ಮತ್ತೆ ಗಿಡದ ಹತ್ತಿರ ಬಂದ ಹಾಗೆ.

ಮೊದಲು ಪೈಥಾನ್ ಬಿಟ್ಟು ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಸಿಯಲ್ಲಿ ಬರೆದೆ, ಒಂದೊಂದನ್ನೇ ಬದಲಾಯಿಸಿದರೆ ಯಾವುದರಿಂದ ಎಷ್ಟು ಲಾಭ ಅಂತ ಗೊತ್ತಾಗುತ್ತದಲ್ಲ. ಯೂಸರ್ ಪಾಲು ನೆಲಕಚ್ಚಿತು. ಸಿಸ್ಟಂ ಪಾಲು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಅದು ಸಹಜ, ಕರ್ನಲ್‌ಗೆ ಕರೆಯುವವರು ಯಾವ ಭಾಷೆಯವರು ಅನ್ನುವುದು ಮುಖ್ಯವಲ್ಲ. ಈಗ ಸೆಕೆಂಡಿಗೆ 1000 ಸಾಲು ಸಿಗುತ್ತಿತ್ತು, ಒಂದು ಐಆಕ್ಟಲ್‌ಗೆ 70 ಮೈಕ್ರೋಸೆಕೆಂಡಿನ ಹತ್ತಿರ.

ಎರಡು ಪ್ರೋಗ್ರಾಂ ಸೇರಿಸಿ ಒಂದು ಮಾಡಿದೆ, ಪೈಪ್ ಹೋಯಿತು. ಪೈಪ್‌ನ ತೊಂದರೆ ರೈಟ್, ರೀಡ್ ಕರೆಗಳಿಗಿಂತ ಜಾಸ್ತಿ ಆ ಕಡೆಯವನನ್ನು ಎಬ್ಬಿಸುವುದರಲ್ಲಿ ಇತ್ತು. ಪ್ರತಿ ಸಾಲಿಗೂ ಫ್ಲಶ್ ಇದ್ದುದರಿಂದ ಸೆಕೆಂಡಿಗೆ ಸಾವಿರ ಸಲ ಆ ಪ್ರೋಸೆಸ್ ಎದ್ದು, ಮೂರು ನಂಬರ್ ನೋಡಿ, ಮತ್ತೆ ಮಲಗುತ್ತಿತ್ತು. ವಿಎಂಸ್ಟ್ಯಾಟ್‌ನ ಕಾಂಟೆಕ್ಸ್ಟ್ ಸ್ವಿಚ್ ಕಾಲಂ ತಕ್ಷಣ ಇಳಿಯಿತು.

ಆಮೇಲೆ ಇಂಟರಪ್ಟ್ ಕಡೆ ನೋಡಿದೆ. ಬಿಸಿಎಂ2835ರ ಎಸ್‌ಪಿಐ ಡ್ರೈವರ್‌ನಲ್ಲಿ ಒಂದು ಚೆಂದದ ವಿಷಯ ಇದೆ. ವರ್ಗಾವಣೆ ಚಿಕ್ಕದಾದರೆ ಅದು ಇಂಟರಪ್ಟ್‌ಗೆ ಕಾಯದೆ ಅಲ್ಲೇ ನಿಂತು ಪೋಲ್ ಮಾಡುತ್ತದೆ (ಮುಗಿಯಿತಾ ಎಂದು ಪದೇ ಪದೇ ನೋಡುತ್ತದೆ), ಯಾಕೆಂದರೆ ಮಲಗಿ ಏಳುವ ಖರ್ಚು ಕಾಯುವ ಹೊತ್ತಿಗಿಂತ ದೊಡ್ಡದು. ಎಷ್ಟು ಚಿಕ್ಕದು ಅನ್ನುವ ಮಿತಿ ಸಾಮಾನ್ಯವಾಗಿ 30 ಮೈಕ್ರೋಸೆಕೆಂಡ್, ಬೈಟಿಗೆ 9 ಕ್ಲಾಕ್ ಲೆಕ್ಕ. ನಮ್ಮ 3 ಬೈಟ್, 1 ಮೆಗಾಹರ್ಟ್ಸ್‌ನಲ್ಲಿ, ಆ ಲೆಕ್ಕದ ಗಡಿಯ ಮೇಲೇ ಕೂತು ಇಂಟರಪ್ಟ್ ದಾರಿ ಹಿಡಿಯುತ್ತಿತ್ತು. ಇಂಟರಪ್ಟ್‌ಗಳ ಎಣಿಕೆ ತೋರಿಸುವ ಪ್ರಾಕ್ ಇಂಟರಪ್ಟ್ಸ್ ಫೈಲಿನಲ್ಲಿ ಎಸ್‌ಪಿಐ ಸಾಲಿನ ನಂಬರ್ ಓಡುತ್ತಿದ್ದುದರಿಂದ ಇದು ತಿಳಿಯಿತು. ಕ್ಲಾಕನ್ನು 1.3 ಮೆಗಾಹರ್ಟ್ಸ್‌ಗೆ ಏರಿಸಿದೆ. ಎಂಸಿಪಿ3008ಗೆ 2.7 ವೋಲ್ಟ್‌ನಲ್ಲೂ 1.35ರ ತನಕ ಅವಕಾಶ ಇದೆ, ನಮ್ಮದು 3.3 ವೋಲ್ಟ್, ಹಾಗಾಗಿ ಭಯ ಇಲ್ಲ. ಆ ನಂಬರ್ ನಿಂತೇ ಹೋಯಿತು. ಸ್ವಲ್ಪ ವೇಗ ಏರಿಸಿದ್ದಕ್ಕೆ ಸೆಕೆಂಡಿಗೆ ಸಾವಿರಾರು ಇಂಟರಪ್ಟ್ ಮಾಯ. ನನಗೆ ಇಡೀ ರಿಪೇರಿಯಲ್ಲಿ ಅತಿ ಖುಷಿ ಕೊಟ್ಟದ್ದು ಇದೇ.

ಈಗ ಮುಖ್ಯ ಬದಲಾವಣೆ. ಎಸ್‌ಪಿಐಡೆವ್‌ನ ಐಆಕ್ಟಲ್‌ಗೆ ಒಂದೇ ಸಲಕ್ಕೆ ಹಲವು ವರ್ಗಾವಣೆಗಳ ಪಟ್ಟಿ ಕೊಡಬಹುದು. ಪ್ರತಿ ವರ್ಗಾವಣೆಯಲ್ಲೂ ಸಿಎಸ್ ಚೇಂಜ್ ಎಂಬ ಜಾಗ ಇದೆ. ಅದನ್ನು 1 ಮಾಡಿದರೆ ಮುಂದಿನ ವರ್ಗಾವಣೆಗೆ ಮುಂಚೆ ಚಿಪ್ ಸೆಲೆಕ್ಟನ್ನು ಮೇಲೆತ್ತಿ ಮತ್ತೆ ಇಳಿಸುತ್ತದೆ. ಎಂಸಿಪಿ3008ಗೆ ಇದು ಬೇಕೇ ಬೇಕು, ಇಲ್ಲದಿದ್ದರೆ ಮೊದಲ ಓದಿನ ನಂತರ ಬರೀ ಸೊನ್ನೆ. ಕೊನೆಯ ವರ್ಗಾವಣೆಯಲ್ಲಿ ಮಾತ್ರ ಅದು 0 ಇರಬೇಕು. ಅಲ್ಲೂ 1 ಇಟ್ಟರೆ ಅರ್ಥ ಉಲ್ಟಾ, ಚಿಪ್ ಸೆಲೆಕ್ಟ್ ಕೆಳಗೇ ಉಳಿಯುತ್ತದೆ. ಇನ್ನೊಂದು ಜಾಗ ಡಿಲೇ. ಮೂರು ಚಾನೆಲ್ ಓದಿದ ಮೇಲೆ ಮುಂದಿನ ಮಿಲಿಸೆಕೆಂಡ್ ತನಕ ಎಷ್ಟು ಕಾಯಬೇಕು ಎಂದು ಅಲ್ಲಿ ಹಾಕಿದರೆ ಕರ್ನಲ್ ತಾನೇ ಕಾಯುತ್ತದೆ. 10 ಮೈಕ್ರೋಸೆಕೆಂಡಿಗಿಂತ ಜಾಸ್ತಿ ಆದರೆ ಅದು ಸುತ್ತುತ್ತಾ ಕೂರದೆ ಮಲಗಿ ಏಳುತ್ತದೆ, ಬೇರೆ ಕೆಲಸಕ್ಕೆ ಸಿಪಿಯು ಸಿಗುತ್ತದೆ. ಹೇಳಿದ್ದಕ್ಕಿಂತ ಶೇ 10ರ ತನಕ ತಡವಾಗಬಹುದು. ಆರ್‌ಎಂಎಸ್‌ಗೆ ಅದೇನೂ ದೊಡ್ಡ ವಿಷಯವಲ್ಲ. ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ ಸಮಯ ತೆಗೆದುಕೊಂಡರೆ ನಿಜವಾದ ವೇಗ ಎಷ್ಟು ಎಂದು ಗೊತ್ತಾಗುತ್ತದೆ. ಮೂರು ಸಾವಿರ ಸಲ ಕೇಳಬೇಕಾಗಿಲ್ಲ.

100 ಮಿಲಿಸೆಕೆಂಡಿಗೆ 300 ವರ್ಗಾವಣೆಯ ಪಟ್ಟಿ ಕೊಟ್ಟೆ. ಐಆಕ್ಟಲ್ ನಂಬರಿನ ಒಳಗೇ ಪಟ್ಟಿಯ ಗಾತ್ರ 14 ಬಿಟ್‌ನಲ್ಲಿ ಸೇರಿರುತ್ತದೆ, ಒಂದು ವರ್ಗಾವಣೆಯ ವಿವರ 32 ಬೈಟ್, ಹಾಗಾಗಿ 511ರ ತನಕ ಹೋಗಬಹುದು. ಬೈಟ್ ಲೆಕ್ಕದಲ್ಲೂ 900 ಮಾತ್ರ, ಎಸ್‌ಪಿಐಡೆವ್‌ನ ಬಫರ್ 4096. ಆದರೂ "ಮೆಸೇಜ್ ತುಂಬಾ ಉದ್ದ" ಎಂದು ವಾಪಸ್ ಬಂತು. ಕರ್ನಲ್ ಸೋರ್ಸ್ ತೆರೆದು ನೋಡಿದರೆ ಕಾರಣ ಅಲ್ಲೇ ಇದೆ. ಡಿಎಂಎಗೆ (ಸಿಪಿಯು ಕೈ ಹಾಕದೆ ಮೆಮೊರಿಗೆ ವರ್ಗಾಯಿಸುವುದು) ಹೊಂದಲಿ ಎಂದು ಪ್ರತಿ ತುಂಡನ್ನೂ ಕ್ಯಾಶ್ ಸಾಲಿನ ಅಳತೆಗೆ ಏರಿಸಿ ಎಣಿಸುತ್ತದೆ. ಈ ಚಿಪ್‌ನಲ್ಲಿ ಆ ಅಳತೆ 32 ಬೈಟ್. ನಮ್ಮ 3 ಬೈಟ್ ಅದರ ಲೆಕ್ಕದಲ್ಲಿ 32. 4096ನ್ನು 32ರಿಂದ ಭಾಗಿಸಿ, 128 ವರ್ಗಾವಣೆಗೆ ಮುಗಿಯಿತು. ಬಫರ್ ದೊಡ್ಡದು ಮಾಡಲು ಬೂಟ್ ಸಾಲಿನಲ್ಲಿ ಬಫ್‌ಸಿಜ್ ಎಂದು ಕೊಡಬಹುದು. ನಾನು ಅದನ್ನು ಮುಟ್ಟಲಿಲ್ಲ. 50 ಹರ್ಟ್ಸ್‌ನಲ್ಲಿ ಒಂದು ಸುತ್ತು 20 ಮಿಲಿಸೆಕೆಂಡ್, ಎರಡು ಸುತ್ತು 40. ಮಿಲಿಸೆಕೆಂಡಿಗೆ ಮೂರರಂತೆ 120 ವರ್ಗಾವಣೆ, 3840 ಬೈಟ್. ಒಳಗೆ ಹಿಡಿಯುತ್ತದೆ.

ಸೆಕೆಂಡಿಗೆ 3000 ಐಆಕ್ಟಲ್ ಇದ್ದದ್ದು 25 ಆಯಿತು. ಒಂದು ಓದಿನ ಖರ್ಚು 70ರ ಆಸುಪಾಸಿನಿಂದ 50ರ ಒಳಗೆ ಇಳಿಯಿತು. ಇನ್ನೂ ಇಳಿಯಬೇಕಿತ್ತು ಅಲ್ವಾ ಅನ್ನಬಹುದು. ಚಿಪ್ ಸೆಲೆಕ್ಟ್ ಎತ್ತಿ ಇಳಿಸುವಾಗ ಬೇರೆ ಏನೂ ಹೇಳದಿದ್ದರೆ ಕರ್ನಲ್ ಪ್ರತಿ ಸಲ 10 ಮೈಕ್ರೋಸೆಕೆಂಡ್ ಕಾಯುತ್ತದೆ. ತಂತಿಯ ಹೊತ್ತಂತೂ ಯಾವ ಜಾಣತನಕ್ಕೂ ಕರಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನಿಂತು ಯೋಚಿಸಿದ್ದು, ಇಷ್ಟು ಸ್ಯಾಂಪಲ್ ಯಾರಿಗೆ ಬೇಕು? ಫೇಸ್ ಹೋದರೆ ಮೋಟಾರ್ ಆ ಕ್ಷಣವೇ ಸುಡುವುದಿಲ್ಲ, ಟ್ರಿಪ್ ಮಾಡಲು ಪ್ರಿವೆಂಟರ್ ಬೇರೆ ಇದೆ. ನಮ್ಮದು ಸುದ್ದಿ ಕೊಡುವ ಡಬ್ಬಿ. ಬಿಡದೆ ಓದುತ್ತಾ ಇರುವ ಅಗತ್ಯವೇ ಇಲ್ಲ. 200 ಮಿಲಿಸೆಕೆಂಡಿಗೆ ಒಂದು ಸಲ ಎರಡು ಪೂರ್ತಿ ಸುತ್ತು ಓದಿ, ಉಳಿದ ಹೊತ್ತು ಮಲಗಿದರೆ ಸಾಕು. ಮೂರೂ ಫೇಸ್‌ಗಳ ಆರ್‌ಎಂಎಸ್ ತೆಗೆದು, ಒಂದು ಫೇಸ್ ಸತತ ಐದು ಓದಿನಲ್ಲಿ ಬಿದ್ದಿದ್ದರೆ ಮಾತ್ರ ಮೆಸೇಜ್. ಅಂದರೆ ಒಂದು ಸೆಕೆಂಡ್ ತಡ. ಪಟ್ಟಿಯ 120ರಲ್ಲಿ ಒಂದು ಕಡಿಮೆ ಬಂದರೂ, ಅಥವಾ 40 ಮಿಲಿಸೆಕೆಂಡಿನ ಕೆಲಸಕ್ಕೆ 50ಕ್ಕಿಂತ ಜಾಸ್ತಿ ಹಿಡಿದರೂ, ಆ ಓದನ್ನೇ ಎಸೆಯುತ್ತದೆ. ಸುಳ್ಳು ಅಲಾರಂ ನಿಂತದ್ದು ಮುಖ್ಯವಾಗಿ ಈ ಕೊನೆಯ ನಿಯಮದಿಂದ. ವೇಗದ ಕೆಲಸವೆಲ್ಲ ಸೇರಿ ಮಾಡಿದ್ದು ಆ ಎಸೆಯುವ ಸಂದರ್ಭವೇ ಅಪರೂಪ ಆಗುವ ಹಾಗೆ.

ಐಆಕ್ಟಲ್ ಈಗ ಸೆಕೆಂಡಿಗೆ 5. ಟಾಪ್‌ನಲ್ಲಿ ಐಡಲ್ ಶೇ 95ರ ಮೇಲೆ. ಓದುವ ಥ್ರೆಡ್‌ಗೆ ಫಿಫೊ ಆದ್ಯತೆ (ಸಾಮಾನ್ಯ ಕೆಲಸಗಳಿಗಿಂತ ಮೊದಲು ಓಡುವ ಹಕ್ಕು) ಕೊಟ್ಟೆ, ಮೆಮೊರಿಯನ್ನು ಸ್ವಾಪ್‌ಗೆ (ಕಾರ್ಡಿನ ಮೇಲಿನ ಹೆಚ್ಚುವರಿ ಜಾಗ) ಹೋಗದ ಹಾಗೆ ಬೀಗ ಹಾಕಿದೆ, ಏಳುವ ಸಮಯವನ್ನು "ಇಷ್ಟು ಹೊತ್ತು ಮಲಗು" ಎನ್ನದೆ "ಇಷ್ಟು ಗಂಟೆಗೆ ಏಳು" ಎಂದು ಕೊಟ್ಟೆ, ಆಗ ತಡ ಕೂಡುತ್ತಾ ಹೋಗುವುದಿಲ್ಲ. ಒಂದೇ ಕೋರ್ ಇರುವ ಕಡೆ ಫಿಫೊ ಕೊಡುವಾಗ ಹುಷಾರು. ಆ ಥ್ರೆಡ್ ಎಲ್ಲಾದರೂ ಸುತ್ತಲು ಶುರು ಮಾಡಿದರೆ ಎಸ್‌ಎಸ್‌ಎಚ್ ಕೂಡ ಉಸಿರಾಡುವುದಿಲ್ಲ. ಕರ್ನಲ್ ಸಾಮಾನ್ಯವಾಗಿ ಇಂಥವರಿಗೆ ಶೇ 95ರ ಮಿತಿ ಇಟ್ಟಿರುತ್ತದೆ, ಅದನ್ನು ಯಾರೋ ಹೇಳಿದರು ಎಂದು ತೆಗೆಯಬೇಡಿ.

ದಾಖಲೆ ಬರೆಯುವುದನ್ನೂ ಬದಲಾಯಿಸಿದೆ. ಈಗ ನಿಮಿಷಕ್ಕೆ ಒಂದು ಸಾಲು, ಸರಾಸರಿ, ಕನಿಷ್ಠ, ಗರಿಷ್ಠ ಮಾತ್ರ. ಅದು ರ್‍ಯಾಮ್‌ನಲ್ಲಿ ಕೂಡಿಕೊಂಡು ಹತ್ತು ನಿಮಿಷಕ್ಕೊಮ್ಮೆ ಕಾರ್ಡಿಗೆ ಹೋಗುತ್ತದೆ, ಎಫ್‌ಸಿಂಕ್ (ಬರೆದದ್ದು ಕಾರ್ಡಿಗೆ ಇಳಿಯುವ ತನಕ ಕಾಯುವ ಕರೆ) ಆಗಲೇ. ಎಫ್‌ಸಿಂಕ್ ಕೂಡ ಹೆಸರಿಗೆ ಒಂದು ಸಿಸ್ಟಂ ಕಾಲ್, ಆದರೆ ಎಸ್‌ಡಿ ಕಾರ್ಡಿನ ಮೇಲೆ ಅದಕ್ಕೆ ಮಿಲಿಸೆಕೆಂಡ್‌ಗಳೇ ಬೇಕು, ಗೆಟ್‌ಪಿಡ್‌ನ ಸಾವಿರಾರು ಪಟ್ಟು. ಕರೆಂಟ್ ಹೋದರೆ ಹತ್ತು ನಿಮಿಷದ ದಾಖಲೆ ಹೋಗಬಹುದು. ಹೋಗಲಿ.

ಜಿಎಸ್‌ಎಂ ಮಾಡ್ಯೂಲ್ ಜೊತೆ ಮಾತಾಡುವ ಭಾಗವನ್ನು ಹಾಗೇ ಬಿಟ್ಟೆ. ಅದು ಸೀರಿಯಲ್ ಪೋರ್ಟ್‌ನಿಂದ ಒಂದೊಂದೇ ಬೈಟ್ ಓದುತ್ತದೆ, ಪೈಥಾನ್‌ನಲ್ಲೇ ಇದೆ. ವಿಮಿನ್, ವಿಟೈಮ್ ಎಂಬ ಎರಡು ಸೆಟ್ಟಿಂಗ್ ಇಟ್ಟರೆ ಗುಂಪಾಗಿ ಓದಬಹುದು. ಆದರೆ 9600 ಬಾಡ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಬೈಟ್, ಅದೂ ಮೆಸೇಜ್ ಹೋಗುವ ಹೊತ್ತಿನಲ್ಲಿ ಮಾತ್ರ. ಓಡುತ್ತಿರುವುದನ್ನು ಯಾಕೆ ಕೆದಕಬೇಕು.

ಗೆಳೆಯನೊಬ್ಬ ಕೇಳಿದ, "ಇಷ್ಟೆಲ್ಲಾ ಯಾಕೆ ಮಾರಾಯಾ, ಒಂದು ಪಿಕೊ ಬೋರ್ಡ್ ಹಾಕಿ ಸ್ಯಾಂಪಲ್ ಅದರ ಕೈಗೆ ಕೊಟ್ರೆ ಆಗ್ತಿತ್ತಲ್ಲ?" ಹೊಸದಾಗಿ ಮಾಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಲಯ ತಪ್ಪದ ಕೆಲಸ ಪಿಕೊದಂಥ ಮೈಕ್ರೋಕಂಟ್ರೋಲರ್‌ಗೆ, ಫೈಲು, ಮೋಡೆಮ್, ನೆಟ್‌ವರ್ಕ್ ಲಿನಕ್ಸ್‌ಗೆ. ಆದರೆ ಇಲ್ಲಿ ಡಬ್ಬಿ ಆಗಲೇ ಗೋಡೆ ಮೇಲೆ ಇತ್ತು, ಸ್ಪ್ರಿಂಕ್ಲರ್ ಸೀಸನ್ ನಡೆಯುತ್ತಿತ್ತು, ಬೆಸುಗೆ ಮುಟ್ಟದೆ ಬರೀ ಸಾಫ್ಟ್‌ವೇರ್‌ನಲ್ಲಿ ಸರಿ ಹೋಗುವುದಾದರೆ ಮಾವನಿಗೂ ನೆಮ್ಮದಿ, ನನಗೂ.

ಪರೀಕ್ಷೆಗೆ ಫ್ಯೂಸ್ ಕೀಳಲಿಲ್ಲ, ಯಾರೂ ಕೀಳಬೇಡಿ. ಮೋಟಾರ್ ಓಡುತ್ತಿರುವಾಗ ಇನ್ಸುಲೇಷನ್ ಮೇಲಿನಿಂದಲೇ ಒಂದು ಸಿಟಿ ಕ್ಲ್ಯಾಂಪ್ ಬಿಚ್ಚಿ ಪಕ್ಕಕ್ಕೆ ಇಟ್ಟೆ. ಡಬ್ಬಿಗೆ ಅದು ಫೇಸ್ ಹೋದ ಹಾಗೇ. ಇದೇ 1 ವೋಲ್ಟ್ ಮಾದರಿಯಾದ್ದರಿಂದ ಬರ್ಡನ್ ರೆಸಿಸ್ಟರ್ (ಸಿಟಿಯ ಕರೆಂಟನ್ನು ವೋಲ್ಟೇಜ್ ಮಾಡುವ ರೆಸಿಸ್ಟರ್) ಒಳಗೇ ಇದೆ, ಹೀಗೆ ಮಾಡಬಹುದು. ರೈಟ್ರ ಫೋನು ಟಿಣ್ ಅಂತು. ಇನ್ನೊಂದು ಕಡೆ ಬೇಕೆಂದೇ ದೊಡ್ಡ ಫೈಲ್ ನಕಲು ಮಾಡುತ್ತಾ, ಹಿನ್ನೆಲೆಯಲ್ಲಿ ಡಿಡಿಯನ್ನು ಬ್ಲಾಕ್ ಸೈಜ್ 1ರಲ್ಲಿ ಓಡಿಸುತ್ತಾ ರಾತ್ರಿ ಪೂರ್ತಿ ಬಿಟ್ಟೆ. ಎಸೆದ ಓದುಗಳು ಲಾಗ್‌ನಲ್ಲಿ ಅಲ್ಲಲ್ಲಿ ಇದ್ದವು, ಮೆಸೇಜ್ ಒಂದೂ ಹೋಗಿರಲಿಲ್ಲ.

ಬಾಕಿ ಇರುವುದು ಡ್ರೈ ರನ್, ಅಂದರೆ ನೀರಿಲ್ಲದೆ ಪಂಪ್ ಓಡುವುದು. ಫುಟ್ ವಾಲ್ವ್ ಸೋರಿ ಪಂಪ್ ಗಾಳಿ ಎಳೆದರೆ ಮೂರೂ ಫೇಸ್‌ಗಳ ಕರೆಂಟ್ ಒಟ್ಟಿಗೆ ಇಳಿಯುತ್ತದೆ, ಅದನ್ನೂ ಹಿಡಿಯಬಹುದು. ಎಷ್ಟಕ್ಕೆ ಇಳಿದರೆ ಮೆಸೇಜ್ ಕೊಡಬೇಕು ಅನ್ನುವ ಮಿತಿ ಹಾಕಲು, ಎಷ್ಟು ಜೆಟ್ ಓಡುವಾಗ ಎಷ್ಟು ಆಂಪಿಯರ್ ಎಂದು ಬರೆದಿಡಲು ರೈಟ್ರಿಗೆ ಹೇಳಿದ್ದೇನೆ. ಪಂಪ್‌ಹೌಸ್ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಾರೆ.